ಹೊಡೆ ಬಂದ ಗದ್ದೆಯ ಐದು ದಿನ

ಆರಿಂಚಿನ ಪಿವಿಸಿ ಪೈಪನ್ನು ಒಂದಡಿ ಉದ್ದಕ್ಕೆ ಕತ್ತರಿಸಿಕೊಳ್ಳಬೇಕು. ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಕೊರೆಯಬೇಕು. ತೂತಿರುವ ಅರ್ಧ ಪೂರ್ತಿ ಮಣ್ಣಿನೊಳಗೆ ಹೋಗುವಂತೆ ಗದ್ದೆಯಲ್ಲಿ ಊರಿ, ಒಳಗೆ ತುಂಬಿದ ಕೆಸರನ್ನು ಕೈಯಿಂದ ಬಗೆದು ತೆಗೆಯಬೇಕು. ಮಾರನೆಯ ದಿನ ಪೈಪಿನೊಳಗೆ ಸ್ಕೇಲು ಇಳಿಬಿಟ್ಟರೆ ನೀರು ಮಣ್ಣಿನ ಮೇಲೆ ಎಷ್ಟಿದೆ, ಇಲ್ಲದಿದ್ದರೆ ಕೆಳಗೆ ಎಷ್ಟು ಇಳಿದಿದೆ ಎಂದು ತಿಳಿಯುತ್ತದೆ. ಹದಿನೈದು ಸೆಂಟಿಮೀಟರ್ ಕೆಳಗೆ ಇಳಿಯುವವರೆಗೆ ಗದ್ದೆಗೆ ನೀರು ಬೇಡ.

ಆ ಮುಂಗಾರಿನಲ್ಲಿ ನಾನು ಇಂಥ ಇಪ್ಪತ್ತು ಪೈಪುಗಳನ್ನು ಊರಿದೆ. ನಮ್ಮದು ಮದ್ದೂರು ತಾಲ್ಲೂಕಿನಲ್ಲಿ ನಾಲೆಯ ಕೊನೆಗೆ ಬರುವ ಊರು. ಹೆಂಗಸರ ಸಂಘದವರು ನನ್ನನ್ನು, ರೈತರಿಗೆ ಹೊಸ ಬೇಸಾಯ ತೋರಿಸಿಕೊಡುವ ಕೃಷಿ ಸಖಿ ಎಂದು ಆರಿಸಿದ್ದರು. ಹತ್ತನೇ ತರಗತಿ ಓದಿದವಳು ಮನೆಯಲ್ಲಿ ಸುಮ್ಮನೆ ಕೂತಿದ್ದಾಳೆ, ಏನಾದರೂ ಮಾಡಲಿ ಎನ್ನುವ ಕನಿಕರವೂ ಅದರಲ್ಲಿತ್ತು. ಮಗಳು ಹೋಗಿ ಎರಡು ವರ್ಷವಾಗಿತ್ತು. ಅಳತೆಗೆ ಅವಳ ಹೈಸ್ಕೂಲಿನ ಮರದ ಸ್ಕೇಲನ್ನೇ ತೆಗೆದುಕೊಂಡೆ. ಅದರ ಮೊದಲ ಸೆಂಟಿಮೀಟರನ್ನು ಅವಳು ಹಲ್ಲಿನಲ್ಲಿ ಕಚ್ಚಿ ಕಚ್ಚಿ ಪೂರ್ತಿ ಉದುರಿಸಿದ್ದಳು. ಬಂದ ಅಳತೆಯಲ್ಲಿ ಒಂದು ಕಳೆದು ಬರೆಯಬೇಕಿತ್ತು.

ನಾಟಿಯಿಂದ ಕೊಯ್ಲು ಹತ್ತಿರ ಬರುವವರೆಗೂ ಗದ್ದೆಯಲ್ಲಿ ನೀರು ನಿಲ್ಲಿಸುವುದೇ ನಮ್ಮಲ್ಲಿ ಬೇಸಾಯ. ನಿಂತ ನೀರಿನ ಕೆಳಗೆ ಕೆಸರು ಕೊಳೆತು ಗಾಳಿ ಏಳುತ್ತದೆ. ಗದ್ದೆಯಲ್ಲಿ ಕಾಲಿಟ್ಟವರೆಲ್ಲ ಆ ಗುಳ್ಳೆಗಳನ್ನು ಕಂಡಿದ್ದಾರೆ. ಆ ಗಾಳಿ ಮೇಲೆ ಹೋಗಿ ಭೂಮಿಯ ಕಾವು ಹೊರಗೆ ಹೋಗದಂತೆ ಹಿಡಿಯುತ್ತದೆ, ನಡುನಡುವೆ ಗದ್ದೆ ಆರಿದರೆ ಅದು ಕಡಿಮೆಯಾಗುತ್ತದೆ, ನೀರೂ ಉಳಿಯುತ್ತದೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾಲೆಯ ಕೊನೆಯವರಾದ ನಮಗೆ ಎರಡನೆಯ ಮಾತು ಬೇಗ ಅರ್ಥವಾಯಿತು.

ತರಬೇತಿಗೆ ಕರೆದದ್ದು ಗಂಡಸರನ್ನು. ಪಹಣಿಯಲ್ಲಿ ಹೆಸರು ಅವರದ್ದಲ್ಲವೇ. ದಿನವೂ ಅಳೆದು ಬರೆಯಲು ಒಂದೊಂದು ಪುಸ್ತಕ ಕೊಟ್ಟೆವು: ತಾರೀಖು, ಮೇಲೆ, ಕೆಳಗೆ, ಷರಾ, ನಾಲ್ಕು ಕಾಲಂ. ವಾರ ಬಿಟ್ಟು ಹೋಗಿ ನೋಡಿದರೆ ಪುಸ್ತಕಗಳು ನೀಟಾಗಿ ತುಂಬಿದ್ದವು, ಒಂದೇ ಪೆನ್ನಿನಲ್ಲಿ, ಒಂದೇ ಸಲಕ್ಕೆ. ಒಬ್ಬರಂತೂ ಮುಂದಿನ ಸೋಮವಾರದ ನೀರನ್ನೂ ಬರೆದಿದ್ದರು.

"ಇದೇನಣ್ಣ, ಇನ್ನೂ ಬಾರ್ದೇ ಇರೋ ದಿನುದ್ದೂ ಬರ್ದಿದ್ದೀರಿ?"

"ಸೋಮಾರ ನೀರು ಎಲ್ಲಿಗ್ ಓದಾತು ಕಣಮ್ಮಿ, ಅಲ್ಲೇ ಇರ್ತದೆ ಬುಡು."

ಪುಸ್ತಕಗಳನ್ನು ವಾಪಸ್ ತೆಗೆದುಕೊಂಡು ಓದುವ ಐದು ಹುಡುಗಿಯರಿಗೆ ಕೊಟ್ಟೆ. ಇದರಲ್ಲಿ ನನ್ನ ಜಾಣತನವೇನೂ ಇರಲಿಲ್ಲ. ಬೆಳಿಗ್ಗೆ ಬಸ್ಸಿಗೆ ಮುಂಚೆ ಗದ್ದೆಗೆ ಹೋಗಿ ಬಗ್ಗಿ ನೋಡಿ, ಕಂಡದ್ದನ್ನು ಬರೆಯುವವರು ಊರಿನಲ್ಲಿ ಅವರೇ ಇದ್ದರು. ನಾನು ಹೇಳಲು ಹೊರಟಿರುವ ಹುಡುಗಿ ಮದ್ದೂರಿನಲ್ಲಿ ಮೊದಲ ಪಿಯುಸಿ ಸೈನ್ಸ್ ಓದುತ್ತಿದ್ದಳು. ಅಪ್ಪ ಇರಲಿಲ್ಲ. ಅವ್ವ ಮತ್ತು ತಾತನ ಜೊತೆ ಇದ್ದಳು, ಮನೆಯ ಮಾತೆಲ್ಲ ತಾತನದ್ದೇ. ಕಚ್ಚಿದ ಸ್ಕೇಲನ್ನು ಅವಳಿಗೇ ಕೊಟ್ಟೆ. ಏಕೆ ಎಂದು ಆಗ ಯೋಚಿಸಲಿಲ್ಲ.

ಒಂದು ದಿನ ಅವಳು ತಾತನನ್ನು ಬದುವಿನ ಮೇಲೆ ನಿಲ್ಲಿಸಿ, ಕೆಸರಿಗೆ ಕೋಲು ಚುಚ್ಚಿ ಗುಳ್ಳೆ ಎಬ್ಬಿಸಿ ತೋರಿಸುತ್ತಿದ್ದಳು.

"ನೋಡು ತಾತ, ಗದ್ದೆ ತೇಗ್ತಾ ಅದೆ. ವೊಟ್ಟೆ ತುಂಬೋದ್ರೂ ಕುಡುಸ್ತಾನೇ ಇದ್ದೀಯ."

"ಅಯ್ ಕೂಸೇ, ಗದ್ದೆಗೂ ಗ್ಯಾಸ್ಟ್ರಿಕ್ಕು ಅಂತ ಏಳ್ಕೊಡ್ತಾರಾ ನಿಮ್ ಕಾಲೇಜ್ನಲ್ಲಿ?"

ನಗುತ್ತಲೇ ಹೇಳಿದರು, ಆದರೆ ಆ ಸಲ ತೂಬು ತೆರೆಯಲಿಲ್ಲ. ಪಕ್ಕದ ಗದ್ದೆಯವರು ತೆರೆದರು. ಇವರು ಬಳಸದೆ ಬಿಟ್ಟ ನೀರು ಕೆಳಗಿನ ಎರಡು ಗದ್ದೆಗಳಿಗೆ ಹೋಯಿತು. ಆಗಸ್ಟ್ ತಿಂಗಳಲ್ಲಿ ಎಂದೂ ನೀರು ನೋಡದಿದ್ದ ಗದ್ದೆಗಳು ಅವು. ಆಮೇಲೆ ತಾತ ಡೇರಿಯ ಮುಂದೆ "ನಮ್ ಅಮ್ಮಣ್ಣಿ ಏಳುದ್ರೇನೆ ತೂಬು" ಎಂದು ಹೇಳಿಕೊಂಡು ತಿರುಗಿದರು.

ಈ ಸುದ್ದಿ ಹೋಗಿ ಪೈಪಿನ ಯೋಜನೆಯ ಮೇಲ್ವಿಚಾರಕರು ಮಂಡ್ಯದಿಂದ ಬಂದರು. ಜೊತೆಗೆ ಫ್ಲೆಕ್ಸ್ ತಂದರು: "ಹೆಣ್ಣು ಕಲಿತರೆ ಭೂಮಿ ತಂಪು". ಐದೂ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಕೈಗೆ ಒಂದೊಂದು ಗಿಡ ಕೊಟ್ಟು ಫೋಟೋ ತೆಗೆಸಿದರು. ಪೈಪಿನ ಹತ್ತಿರ ಹೋಗೋಣ ಎಂದರೆ ಬೂಟು ಕೆಸರಾಗುತ್ತದೆ ಎಂದರು. ಹೋದ ಮೇಲೆ ಬದುವಿನ ತುಂಬ ಪ್ಲಾಸ್ಟಿಕ್ ಲೋಟ. ಅವುಗಳನ್ನು ಆಯ್ದವರು ಅದೇ ಹುಡುಗಿಯರು. ಇವಳು ಮಾತ್ರ ಅವರು ಹೊರಡುವ ಮುಂಚೆ ಕೇಳಿಬಿಟ್ಟಿದ್ದಳು, "ಸಾರ್, ಈ ಪ್ಲೆಕ್ಸು ನಿಮ್ಗೆ ಬ್ಯಾಡ್ವಾದ್ರೆ ನಂಗೆ ಕೊಡಿ, ನಮ್ ಕೊಟ್ಗೆ ಸೋರ್ತದೆ." ಅವರು ನಗಲಿಲ್ಲ. ನಾನು ಎರಡು ವರ್ಷದಲ್ಲಿ ಮೊದಲ ಸಲ ನಕ್ಕೆ.

ಅಕ್ಟೋಬರಿನಲ್ಲಿ ಭತ್ತ ಹೊಡೆ ಬಂತು. ತೆನೆ ಇನ್ನೂ ಹೊರಬರದೆ ಕಾಂಡದೊಳಗೆ ತುಂಬಿಕೊಂಡಿರುವ ಹೊತ್ತದು. ಆಗ ಮಾತ್ರ ಗದ್ದೆ ಆರಬಾರದು, ನೀರು ನಿಂತಿರಲೇಬೇಕು. ಆರಿದರೆ ತೆನೆ ಜೊಳ್ಳಾಗುತ್ತದೆ. ಇದನ್ನು ನಾನು ಐದೂ ಮನೆಗೆ ಹೋಗಿ ಹೇಳಿ ಬಂದಿದ್ದೆ. ನಮ್ಮ ಕಡೆಯ ಕೆಲವು ಮನೆಗಳಲ್ಲಿ ಹೊಡೆ ಗದ್ದೆಗೆ ಬಸುರಿಯ ಮರ್ಯಾದೆ. ಮೊಸರನ್ನ ಎರಚುತ್ತಾರೆ, ಬದುವಿನ ಮೇಲೆ ಹಸಿರು ಬಳೆ ಇಡುತ್ತಾರೆ, ಹತ್ತಿರ ನಿಂತು ಜೋರಾಗಿ ಬೈದಾಡುವುದಿಲ್ಲ. ತಾತನ ಮನೆಯಲ್ಲೂ ಹಾಗೇ ಮಾಡಿದರು. ಆಮೇಲೆ ತಾತ ಮೊಣಕಾಲು ಊದಿಕೊಂಡು ಮನೆಯಲ್ಲೇ ಉಳಿದರು. ದಿನವೂ ಮೊಮ್ಮಗಳನ್ನು ಕೇಳುತ್ತಿದ್ದರು. ಅವಳು ಪುಸ್ತಕ ನೋಡಿ "ಮೇಲೆ ಮೂರದೆ ತಾತ" ಎನ್ನುತ್ತಿದ್ದಳು.

ನಾಲೆಗೆ ನೀರು ನಿಲ್ಲಿಸಿದ್ದ ಸರದಿ ಅದು. ಒಂದು ಮಧ್ಯಾಹ್ನ ನಾಲೆಯ ನೀರು ಹಂಚುವ ನೀರುಗಂಟಿ ನನ್ನ ಮನೆ ಮುಂದೆ ಸೈಕಲ್ ನಿಲ್ಲಿಸಿದರು. "ಅಮ್ಮಯ್ಯ, ಆ ತಾತುನ್ ಗದ್ದೇಲಿ ಗರಿ ಸುರ್ಳಿ ಸುತ್ಕತಾ ಅವೆ, ಒಂಚೂರ್ ಬಂದ್ ನೋಡು."

ಹೋಗಿ ಇಳಿದೆ. ಪೈರು ಸೊಂಟದವರೆಗೆ ದಟ್ಟವಾಗಿ ನಿಂತಿತ್ತು. ರಸ್ತೆಯಿಂದ ಬರೀ ಹಸಿರು. ಒಳಗೆ ಕಾಲಿಟ್ಟರೆ ಮಣ್ಣು ಬಿರುಕು ಬಿಟ್ಟಿತ್ತು, ಬಿರುಕಿನಲ್ಲಿ ಬೆರಳು ಹೋಗುತ್ತಿತ್ತು. ಪೈಪಿನೊಳಗೆ ನೀರೇ ಇಲ್ಲ. ಬದುವಿನ ಬುಡದಲ್ಲಿ ಏಡಿ ಬಿಲ ಕೊರೆದು ನೀರೆಲ್ಲ ಬಸಿಗಾಲುವೆಗೆ ಹೋಗಿತ್ತು. ಮೂರು ದಿನವಾದರೂ ಆಗಿರಬೇಕು. ಆವತ್ತಿನ ಪುಸ್ತಕದಲ್ಲಿ ಬರೆದಿತ್ತು: ಮೇಲೆ, ಮೂರು.

ಸಂಜೆಯೊಳಗೆ ಬಿಲ ಮುಚ್ಚಿಸಿ, ಬಸಿಗಾಲುವೆಗೆ ಬಾಡಿಗೆ ಮೋಟರು ಇಳಿಸಿ ನೀರು ಹಾಯಿಸಿದೆವು. ನೀರಿಗಿಂತ ಮುಂಚೆ ಮಾತು ಹರಿದಿತ್ತು. ಮುಂದಿನ ಸೋಮವಾರದ ನೀರನ್ನು ಬರೆದಿದ್ದವರೇ ಬದುವಿನ ಮೇಲೆ ನಿಂತು, "ಓದ್ದೋರ್ ಕೈಗ್ ಗದ್ದೆ ಕೊಟ್ರೆ ಇಂಗೇಯ" ಎಂದರು. ಹುಡುಗಿ ಪುಸ್ತಕ ಎದೆಗೊತ್ತಿಕೊಂಡು ರಸ್ತೆಯಲ್ಲೇ ನಿಂತಿದ್ದಳು, ಬದುವಿಗೆ ಇಳಿಯಲಿಲ್ಲ. ತಾತ ಕೋಲೂರಿಕೊಂಡು ಬಂದು ಬಿರುಕು ನೋಡಿದರು. ಬೈಯಲಿಲ್ಲ. "ಸಾಕು ಬುಡು. ಸುಳ್ ಬರಿಯಾಕ್ಕೆ ಕಾಲೇಜ್ಯಾಕೆ? ಆ ಮಳವಳ್ಳಿ ಕಡೆಯೋರು ಎಣ್ಣು ಕೇಳ್ತಾ ಅವ್ರೆ, ಬರಾಕ್ ಏಳ್ತೀನಿ" ಎಂದರು.

ಹುಡುಗಿಗೆ ಇನ್ನೂ ಹದಿನೇಳು ತುಂಬಿರಲಿಲ್ಲ. ನನ್ನ ಮಗಳನ್ನು ಕೊಟ್ಟದ್ದೂ ಮಳವಳ್ಳಿ ಕಡೆಗೇ. ಹದಿನೆಂಟಕ್ಕೆ ನಾಲ್ಕು ತಿಂಗಳಿತ್ತು. ಎರಡನೇ ಪಿಯುಸಿ ಮುಗಿಸುತ್ತೇನೆ ಎಂದವಳನ್ನು, ಒಳ್ಳೆಯ ಮನೆ ಮತ್ತೆ ಸಿಗುವುದಿಲ್ಲ ಎಂದು ಒಪ್ಪಿಸಿದವಳು ನಾನೇ.

ಆವತ್ತು ಪುಸ್ತಕ ನನ್ನ ಜೊತೆ ತಂದೆ. ಎರಡು ತಿಂಗಳ ಹಿಂದಿನಿಂದ ಒಂದೊಂದೇ ಪುಟ ತಿರುವಿದೆ. ಒಳ್ಳೆಯ ಪುಸ್ತಕ. ಮಳೆ ಬಂದ ಮಾರನೆಯ ದಿನ ಅಂಕಿ ಏರಿದೆ, ಬಿಸಿಲಿಗೆ ಇಳಿದಿದೆ, ಒಂದು ದಿನದಂತೆ ಇನ್ನೊಂದಿಲ್ಲ. ಆದರೆ ಆಗಸ್ಟ್ ಕೊನೆಯಲ್ಲಿ ಐದು ದಿನ ಒಂದೇ ಅಂಕಿ. ಸೆಪ್ಟೆಂಬರಿನಲ್ಲೂ ಐದು ದಿನ ಒಂದೇ ಅಂಕಿ. ಈಗ ಅಕ್ಟೋಬರಿನಲ್ಲಿ ಮತ್ತೆ ಐದು. ನಡುವೆ ಇಪ್ಪತ್ತಮೂರು ದಿನ, ಇಪ್ಪತ್ತನಾಲ್ಕು ದಿನ. ಹೆಂಗಸಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮಾರನೆಯ ದಿನ ಅವಳನ್ನು ಕಾಲೇಜಿಗೆ ಕಳಿಸಿರಲಿಲ್ಲ. ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಪಕ್ಕದಲ್ಲಿ ಕೂತು ಕೇಳಿದೆ.

"ಆ ಐದ್ ದಿನ ಗದ್ದೆಗ್ ಓಗಿರ್ಲಿಲ್ವಾ ಮಗ?"

"ಎಂಗ್ ಓಗ್ಲಿ ಅಕ್ಕ. ಮೊದ್ಲೆಲ್ಡ್ ಸಲ ಬದು ಮೇಲ್ ನಿಂತಾದ್ರೂ ನೋಡ್ದೆ. ಈ ಸಲ ವೊಡೆ ಗದ್ದೆ, ನೆಳ್ಳೂ ಬೀಳ್ಬಾರ್ದು ಅಂದ್ಲು ಅವ್ವ. ರಸ್ತೇಲಿ ಬಸ್ಸಿಗ್ ನಿಂತ್ಕೊಂಡ್ ನೋಡ್ದೆ, ಅಸ್ರಾಗಿತ್ತು."

"ಖಾಲಿ ಬುಡ್ಬೋದಿತ್ತಲ್ಲವ್ವ."

ಅವಳು ಪಾತ್ರೆಯಿಂದ ತಲೆ ಎತ್ತಿದಳು. "ಖಾಲಿ ಬುಟ್ರೆ ಪುಸ್ತಕ ನೋಡ್ದೋರ್ಗೆಲ್ಲ ಗೊತ್ತಾಗ್ತದಲ್ಲಕ್ಕ, ಇವ್ಳು ಯಾವತ್ತ್ಯಾವತ್ತು ಆಚೆ ಕೂತಿದ್ಲು ಅಂತ. ಆ ಸಾರು ಪೋಟೋ ತಕ್ಕೊಂಡ್ ಓಯ್ತಾರೆ ಪುಸ್ತಕುನ್ನ."

ಅದು ಸರಿಯೇ. ಪುಸ್ತಕದ ಫೋಟೋ ಪ್ರತಿ ವಾರ ವಾಟ್ಸಾಪ್ ಗುಂಪಿಗೆ ಹೋಗುತ್ತಿತ್ತು. ಆ ಗುಂಪಿನಲ್ಲಿ ನಲವತ್ತು ಗಂಡಸರಿದ್ದರು. ನಾನು ಕಾಲಂ ಗೆರೆ ಎಳೆದು ಕೊಡುವಾಗ ಇದನ್ನು ಯೋಚಿಸಬೇಕಿತ್ತು. ಯೋಚಿಸಲಿಲ್ಲ, ಏಕೆಂದರೆ ನನ್ನ ಮನೆಯಲ್ಲೂ ಅದೇ ಕಟ್ಟು. ಆ ದಿನಗಳಲ್ಲಿ ನಾನೂ ಗದ್ದೆಗೆ ಇಳಿಯುತ್ತಿರಲಿಲ್ಲ. ಮಗಳನ್ನೂ ಹಾಗೇ ಬೆಳೆಸಿದ್ದೆ.

ಮೇಲ್ವಿಚಾರಕರಿಗೆ ಫೋನಿನಲ್ಲಿ ವಿಷಯ ಹೇಳಿದೆ. "ಅಯ್ಯೋ, ಅದೆಲ್ಲ ಯಾಕಮ್ಮ, ಅಸಹ್ಯ. ಪೈಪು ಕಟ್ಟಿಕೊಂಡಿತ್ತು ಅಂತ ಷರಾ ಬರೆದು ಆ ಪುಟ ಹೊಸದಾಗಿ ಮಾಡಿ. ಹುಡುಗಿಯರ ಹೆಸರು ಫ್ಲೆಕ್ಸಲ್ಲಿ ಇರಲಿ, ಪುಸ್ತಕ ಗಂಡಸರಿಗೇ ವಾಪಸ್ ಕೊಡಿ" ಎಂದರು. ನಾಳೆ ಬೆಳಿಗ್ಗೆ ಡೇರಿಯ ಹತ್ತಿರ ಸಭೆ ಇಡಿ, ನಾನೇ ಬಂದು ಎಲ್ಲರಿಗೂ ಪೈಪಿನ ತಪ್ಪು ಎಂದು ಹೇಳಿ ಮುಗಿಸುತ್ತೇನೆ ಎಂದರು.

ಒಪ್ಪಿಕೊಂಡಿದ್ದರೆ ಹುಡುಗಿಯ ಮೇಲಿನ ಸುಳ್ಳಿನ ಹೆಸರು ಹೋಗುತ್ತಿತ್ತು. ಪುಸ್ತಕವೂ ಹೋಗುತ್ತಿತ್ತು. ಓದಿ ಆಗಬೇಕಾದ್ದೇನು ಎನ್ನುವ ತಾತನ ಪ್ರಶ್ನೆ ಹಾಗೇ ಉಳಿಯುತ್ತಿತ್ತು, ಮಳವಳ್ಳಿಯವರು ಬರುತ್ತಿದ್ದರು. ಆದರೆ ನನ್ನ ತಲೆಯಲ್ಲಿ ನಿಂತದ್ದು ಅವರ ಆ ಒಂದು ಪದ, ಅಸಹ್ಯ.

ನನ್ನ ಮಗಳಿಗೆ ಏಳನೇ ತಿಂಗಳಲ್ಲಿ ರಕ್ತ ಹೋಗಲು ಶುರುವಾದಾಗ ಅವಳ ಅತ್ತೆ ಅವಳನ್ನು ಹಿಂದಿನ ಚಪ್ಪರದಲ್ಲಿ ಕೂರಿಸಿದರು. ಮುಟ್ಟಿ ನೋಡಿದವರಿಲ್ಲ. ಕಾರಿತ್ತು, ಅದರಲ್ಲಿ ಕೂರಿಸಲಿಲ್ಲ, ಹಿಂದಿನ ವಾರ ತಾನೇ ಅದಕ್ಕೆ ಮುತ್ತತ್ತಿ ದೇವಸ್ಥಾನದಲ್ಲಿ ಪೂಜೆ ಮಾಡಿಸಿದ್ದರು. ಸಂಜೆ ಮಗಳು ನನಗೆ ಫೋನ್ ಮಾಡಿದಳು. "ಅವ್ವ, ಜಾಸ್ತಿ ಓಯ್ತಾ ಅದೆ" ಎಂದಳು. ನಾನು ಏನು ಹೇಳಿದೆ ಎಂಬುದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. "ಆಚೇನೆ ಕೂತ್ಕೊ ಮಗ, ಯಾವುನ್ನೂ ಮುಟ್ಬ್ಯಾಡ, ಬೆಳಿಗ್ಗೆ ಬತ್ತೀನಿ" ಎಂದಿದ್ದೆ. ಬೆಳಿಗ್ಗೆ ಆಟೋದಲ್ಲಿ ಮಂಡ್ಯಕ್ಕೆ ತಂದರು. ಆಸ್ಪತ್ರೆಯ ಬಾಗಿಲಲ್ಲಿ ಇಳಿಸುವಾಗ ಜೀವವಿರಲಿಲ್ಲ.

ಹೊಡೆ ಗದ್ದೆಗೆ ಮೊಸರನ್ನ, ಹಸಿರು ಬಳೆ. ಬಸುರಿ ಮಗಳಿಗೆ ಚಪ್ಪರ. ನನಗೆ ಆ ಮನೆಯವರ ಮೇಲೆ ಹೇಸಿಗೆಯಿತ್ತು. ಪುಸ್ತಕ ತಿರುವಿದ ಮೇಲೆ ನನ್ನ ಬಾಯಿಯ ಮೇಲೆ ಇನ್ನೂ ಹೆಚ್ಚಾಯಿತು. ಪುಟ ಬದಲಾಯಿಸುವುದಿಲ್ಲ ಎಂದು ತೀರ್ಮಾನಿಸಿದೆ. ಸಭೆಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಬಹುದೇ ಎಂದು ಮುಂಜಾನೆ ಹುಡುಗಿಯನ್ನು ಕೇಳಿದೆ. ಅವಳು "ಏಳಕ್ಕ. ಸುಳ್ಳಿ ಅನ್ನುಸ್ಕೊಳದ್ಕಿಂತ ವಾಸಿ" ಎಂದಳು.

ಏಳು ಗಂಟೆಗೆ ಡೇರಿಯ ಮುಂದೆ ಹಾಲು ಹಾಕಲು ಬಂದವರೆಲ್ಲ ಇದ್ದರು. ಮೇಲ್ವಿಚಾರಕರು ಪೈಪು ಕಟ್ಟಿಕೊಳ್ಳುವುದರ ಬಗ್ಗೆ ಶುರು ಮಾಡಿದರು. ನಾನು ಎದ್ದು, "ಪೈಪು ಕಟ್ಕೊಂಡಿರ್ಲಿಲ್ಲ" ಎಂದೆ. ಪುಸ್ತಕ ಬಿಡಿಸಿ ಮೂರು ತಿಂಗಳ ಐದೈದು ದಿನ ತೋರಿಸಿದೆ. ಆ ಹುಡುಗಿ ಮುಟ್ಟಾಗಿದ್ದಳು, ನೀವೇ ಗದ್ದೆಗೆ ಬಿಡಲಿಲ್ಲ, ಬಿಟ್ಟಿದ್ದರೆ ಏಡಿ ಬಿಲ ಮೊದಲ ದಿನವೇ ಕಾಣುತ್ತಿತ್ತು ಎಂದೆ.

"ಥೂ" ಎಂದು ಯಾರೋ ಉಗಿದರು. ಇಬ್ಬರು ಕ್ಯಾನು ಎತ್ತಿಕೊಂಡು ಹೊರಟರು. "ಎಂಗಸ್ರು ವಿಸ್ಯುನ್ನೆಲ್ಲ ಬೀದೀಲಿ ಆಡ್ತೀಯಲ್ಲಮ್ಮಿ, ನಾಚ್ಕೆ ಆಗಕಿಲ್ವಾ?" ಎಂದು ಸಂಘದ ಅಧ್ಯಕ್ಷೆಯ ಗಂಡನೇ ಕೇಳಿದರು.

ಮಗಳ ವಿಷಯ ಹೇಳಿದೆ, ಫೋನಿನಲ್ಲಿ ನಾನಾಡಿದ ಮಾತನ್ನೂ ಸೇರಿಸಿ. ಅದನ್ನು ಇಲ್ಲಿ ಮತ್ತೆ ಬರೆಯಲಾರೆ. ಆಮೇಲೆ ಮಾತಾಡಿದ್ದು ನಾಟಿ ಕೂಲಿಯ ಗುಂಪನ್ನು ಕರೆತರುವ ಹೆಂಗಸು. ಹಾಲಿನ ಚೊಂಬು ಕಂಕುಳಲ್ಲಿಟ್ಟುಕೊಂಡು ತಾತನ ಕಡೆ ತಿರುಗಿದಳು.

"ಅಲ್ಲ ಯಜಮಾನ್ರೆ, ನಿಮ್ ಗದ್ದೆಗೆ ಅದ್ನಾಲ್ಕ್ ಜನ ಎಂಗಸ್ರುನ್ ಕರ್ಕೊಂಡ್ ಬಂದು ಎಲ್ಡ್ ದಿನ ನಾಟಿ ಮಾಡ್ಸುದ್ನಲ್ಲ, ಯಾರ್ಯಾರು ಮುಟ್ಟಾಗವ್ರೆ ಅಂತ ಕೇಳುದ್ರಾ? ನಾನೇ ಆಗಿದ್ದೆ ಕಣ್ರಪ್ಪ! ಕೂಲಿಯೋರ್ಗೆ ಇಲ್ಲುದ್ ಮುಟ್ಟು ಮನೆ ಮಕ್ಳಿಗೆ ಮಾತ್ರ ಯಾಕೆ?"

ಹೆಂಗಸರ ಸಾಲಿನಲ್ಲಿ ಒಬ್ಬರು ಕಿಸಕ್ಕೆಂದರು, ಆಮೇಲೆ ಎಲ್ಲರೂ. "ಮುಟ್ಟಾಗಿರೋ ಅಕ್ಕೀನೇ ತಿಂತಾ ಇರಾದು ಇವ್ರೆಲ್ಲ" ಎಂದಳು ಇನ್ನೊಬ್ಬಳು. ತಾತ ಕೋಲಿನ ತುದಿ ನೋಡುತ್ತಾ ಕೂತಿದ್ದರು. ಮುಖ ಕಪ್ಪಾಗಿತ್ತು. ಕೋಲೂರಿ ಎದ್ದು ಹೋದರು.

ಊರಿನವರ ಮನಸ್ಸು ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ವಾರದಲ್ಲಿ ಮಳವಳ್ಳಿಯವರು ತಾವಾಗಿಯೇ ಹಿಂದೆ ಸರಿದರು. ಡೇರಿಯ ಮುಂದೆ ಮುಟ್ಟಿನ ಸುದ್ದಿ ಆಡಿಸಿಕೊಂಡ ಮನೆಯ ಹುಡುಗಿ ಬೇಡವಂತೆ. ಹುಡುಗಿ ಉಳಿದದ್ದು ಈ ಕೊಳಕು ಕಾರಣಕ್ಕೆ. ತಾತ ನನ್ನ ಜೊತೆ ಎರಡು ವಾರ ಮಾತಾಡಲಿಲ್ಲ. ಆಮೇಲೆ ದಾರಿಯಲ್ಲಿ ಸಿಕ್ಕಾಗ, "ಕಾಲೇಜ್ಗ್ ಓಯ್ತಾ ಅವ್ಳೆ. ಪುಸ್ತಕುನ್ನೂ ಅವ್ಳಿಗೇ ಕೊಟ್ಬುಡು, ಬ್ಯಾರೆಯೋರು ಸರ್ಯಾಗ್ ಬರ್ಯಾಕಿಲ್ಲ" ಎಂದಷ್ಟೇ ಹೇಳಿ ಮುಂದೆ ನಡೆದರು. ಬಿಲವಿದ್ದ ಮೂಲೆಯಲ್ಲಿ ತೆನೆ ಜೊಳ್ಳಾಯಿತು. ಉಳಿದ ಗದ್ದೆ ಚೇತರಿಸಿಕೊಂಡಿತು.

ಹೆಣ್ಣು ಓದುವುದಕ್ಕೂ ಭೂಮಿ ಬಿಸಿಯಾಗುವುದಕ್ಕೂ ಏನು ಸಂಬಂಧ ಎಂದು ಸಂಘದ ಹೆಂಗಸರು ಈಗಲೂ ಕೇಳುತ್ತಾರೆ. ಫ್ಲೆಕ್ಸಿನಲ್ಲಿ ಬರೆದ ಉತ್ತರ ನನಗೆ ಬೇಡ. ನನಗೆ ಗೊತ್ತಿರುವುದು ಇಷ್ಟು: ನೀರು ಉಳಿಯಬೇಕಾದರೆ, ಕೆಸರು ತೇಗುವುದು ನಿಲ್ಲಬೇಕಾದರೆ ದಿನವೂ ಒಬ್ಬರು ಬಗ್ಗಿ ನೋಡಿ ನಿಜ ಬರೆಯಬೇಕು. ಓದಿದ ಹುಡುಗಿ ಅದನ್ನು ಮಾಡುತ್ತಾಳೆ. ತಿಂಗಳಿಗೆ ಐದು ದಿನ ಅವಳನ್ನು ಆಚೆ ಕೂರಿಸಿದರೆ ಪುಸ್ತಕವೇ ಸುಳ್ಳು, ಹದಿನೇಳಕ್ಕೆ ಸಾಗಹಾಕಿದರೆ ಪುಸ್ತಕವೇ ಇಲ್ಲ.

ನವೆಂಬರ್ ಕೊನೆಯಲ್ಲಿ ಮೇಲ್ವಿಚಾರಕರು ಎಲ್ಲ ಪುಸ್ತಕಗಳನ್ನು ತರಿಸಿಕೊಂಡರು. ಅವಳದನ್ನು ತಿರುವುತ್ತಾ ಒಂದು ಪುಟದಲ್ಲಿ ನಿಂತು, ಬೆರಳಿಟ್ಟು, ತುಟಿ ಸೊಟ್ಟ ಮಾಡಿದರು. "ಈ ಪುಟ ಹರಿದು ಬೇರೆ ಬರೆದುಕೊಡಿ, ಇದನ್ನ ಮೇಲಕ್ಕೆ ಹೇಗೆ ಕಳಿಸಲಿ?" ಎಂದರು. ಹಾಗೇ ಕಳಿಸಿ, ಇಲ್ಲದಿದ್ದರೆ ಪುಸ್ತಕ ನನಗೆ ಕೊಡಿ ಎಂದೆ. ಮೇಜಿನ ಮೇಲೆ ತಳ್ಳಿದರು. ಈಗ ನನ್ನ ಹತ್ತಿರವೇ ಇದೆ.

ಆ ತಿಂಗಳ ಹದಿನೇಳನೇ ತಾರೀಖಿನ ಸಾಲು. ಮೇಲೆ: ಎರಡು. ಕೆಳಗೆ: ಗೆರೆ. ಅಲ್ಲಿಯವರೆಗೆ ಯಾರೂ ಒಂದಕ್ಷರ ಬರೆಯದಿದ್ದ ಷರಾ ಕಾಲಂನಲ್ಲಿ, ದುಂಡಗಿನ ಅಕ್ಷರದಲ್ಲಿ, ಗೆರೆಯಿಂದ ಆಚೆ ಹೋಗದಂತೆ ಒತ್ತಿ ಬರೆದಿದ್ದಾಳೆ:

"ಮುಟ್ಟಿನ ಎರಡನೇ ದಿನ. ಗದ್ದೆಗೆ ಇಳಿದು ನೋಡಿದ್ದೇನೆ. ಸ್ಕೇಲಿನಲ್ಲಿ ಮೂರು ಬಂತು, ಒಂದು ಕಳೆದಿದ್ದೇನೆ."